ಹನ್ನೊಂದನೆಯ ಕಾರು

ಶನಿವಾರ ಬೆಳಿಗ್ಗೆ ಚರ್ಚಿನ ಮುಂದಿನ ಅಂಗಳದಲ್ಲಿ ನಮ್ಮ ಸೈಕಲ್ ಸಂಘದ ಅಧ್ಯಕ್ಷ ನೊರ್ಬೆರ್ ಶೊಸಾದ್ ಅವರು ಒಂದು ಹಿಡಿ ಒಣ ಪ್ಲಮ್ ಹಣ್ಣುಗಳನ್ನು ಎಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿ, ಜೆರ್ಸಿಯ ಬೆನ್ನಿನ ಬಲಜೇಬಿಗೆ ಇಳಿಸಿದರು.

"ಒಂದು ಕಾರು ಸಿಕ್ಕಿದ್ರೆ ಒಂದು ಹಣ್ಣು ಬಲಗಡೆಯಿಂದ ಎಡಗಡೆ ಜೇಬಿಗೆ ಹೋಗತ್ತೆ. ಎಡಗಡೆ ಹತ್ತು ದಾಟದಿದ್ರೆ ಸೆಪ್ಟೆಂಬರ್‌ಗೆ ಮಿರೆಯ್ ಹೇಳಿದ ದಾರಿ. ಹನ್ನೊಂದಾದ್ರೆ ಹಳೇ ದಾರಿ. ಸೋಮವಾರ ಕರಪತ್ರ ಅಚ್ಚಿಗೆ ಹೋಗತ್ತೆ. ಆಮೇಲೆ ಯಾರೂ ಗೊಣಗೋ ಹಾಗಿಲ್ಲ."

"ಮಧ್ಯೆ ಹಣ್ಣು ತಿಂದ್ಬಿಟ್ರೆ?" ಎಂದು ಇವೋನ್ ಕೇಳಿದ. ಅವನಿಗೆ ಸದಾ ಹಸಿವು.

"ತಿಂದಿದ್ದು ಲೆಕ್ಕಕ್ಕಿಲ್ಲ. ಆದ್ರೆ ನಾನು ತಿನ್ನಲ್ಲ. ಇದು ಸಂಘದ ಕೆಲಸ ಕಣಯ್ಯಾ, ನಿನ್ನ ಹೊಟ್ಟೆ ಅಲ್ಲ."

ಮಿರೆಯ್ ಎಂದರೆ ನಾನು. ಪ್ರತಿ ಸೆಪ್ಟೆಂಬರಿನಲ್ಲಿ ಸುತ್ತಲಿನ ಊರುಗಳ ಜನರನ್ನೆಲ್ಲ ಸೇರಿಸಿ ನಮ್ಮ ಸಂಘ ಒಂದು ದೊಡ್ಡ ಸವಾರಿ ನಡೆಸುತ್ತದೆ. ಅದು ಯಾವಾಗಲೂ ಹೆದ್ದಾರಿಯ ಮೇಲೆಯೇ ಸಾಗಿ ನೊರ್ಬೆರ್ ಅವರ ಭಾವಮೈದುನನ ಕೆಫೆಯ ಮುಂದೆಯೇ ನಿಲ್ಲುತ್ತದೆ. ಎರಡು ವರ್ಷದ ಹಿಂದೆ ಮರದ ದಿಮ್ಮಿ ಹೊತ್ತ ಲಾರಿಯೊಂದು ಬೀಸಿದ ಗಾಳಿಗೆ ನಮ್ಮ ಯುಗೆಟ್ ಸೈಕಲ್ ಸಮೇತ ತುರಚಿ ಪೊದೆಯೊಳಗೆ ಹೋಗಿ ಕುಳಿತಳು. ಯುಗೆಟ್ ಮಾಂಸದಂಗಡಿಯವರ ವಿಧವೆ, ಎಪ್ಪತ್ತು ದಾಟಿದವಳು, ಬ್ಯಾಟರಿ ಸೈಕಲ್ ಓಡಿಸುತ್ತಾಳೆ. ಅವಳು ಪೊದೆಯೊಳಗಿಂದ ಆಡಿದ ಮಾತುಗಳನ್ನು ಕೇಳಿಯೇ ನನಗೆ ಬೇರೆ ದಾರಿ ಹುಡುಕುವ ಧೈರ್ಯ ಬಂದದ್ದು.

ನಕ್ಷೆಯಲ್ಲಿ ದೊಡ್ಡ ರಸ್ತೆಗೆ ಕೆಂಪು ಗೆರೆ, ಅದಕ್ಕಿಂತ ಚಿಕ್ಕದಕ್ಕೆ ಹಳದಿ. ಯಾರಿಗೂ ಬೇಡವಾದದ್ದಕ್ಕೆ ಬಿಳಿ. ನಕ್ಷೆ ಓದುವುದನ್ನು ನಾನು ಕಲಿತದ್ದು ಮಂಗಳವಾರದ ಸಂಜೆ ತರಗತಿಯಲ್ಲಿ. ಸರಿಯಾಗಿ ಕಲಿತೆನೋ ಇಲ್ಲವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಹಾಗಾಗಿ ಬಿಳಿ ಗೆರೆಗಳನ್ನಷ್ಟೇ ಒಂದಕ್ಕೊಂದು ಹೊಲಿದು ದಾರಿ ಮಾಡಿ, ಎರಡು ವಸಂತ ಅದರ ಮೇಲೆ ಒಬ್ಬಳೇ ಓಡಾಡಿದೆ. ಎಲ್ಲಿ ನಾಯಿ ಕಟ್ಟಿಲ್ಲ, ಎಲ್ಲಿ ಜಲ್ಲಿ ಎದ್ದಿದೆ, ಎಲ್ಲಿ ನೀರು ಸಿಗುತ್ತದೆ ಎಲ್ಲವನ್ನೂ ನೋಡಿಕೊಂಡೆ. ಮೊಂಟಾಬ್ರೆ ಎಂಬ ಪುಟ್ಟ ಊರಿನ ಹತ್ತಿರ ಮಾತ್ರ ಒಂದು ಹಳೆಯ ಬಿಳಿ ವ್ಯಾನು ಎದುರಾಗುತ್ತಿತ್ತು. ಅದನ್ನು ಓಡಿಸುತ್ತಿದ್ದ ಮುದುಕರು ನನ್ನನ್ನು ಕಂಡಾಗಲೆಲ್ಲ ಸ್ಟಿಯರಿಂಗ್ ಮೇಲಿಂದ ಒಂದೇ ಒಂದು ಬೆರಳನ್ನು ಎತ್ತುತ್ತಿದ್ದರು. ನಾನೂ ಎತ್ತುತ್ತಿದ್ದೆ. ಆಮೇಲೆ ಇಡೀ ದಾರಿ, ಒಂದು ವ್ಯಾನು ಇರುವ ರಸ್ತೆಯನ್ನು ನಿಶ್ಶಬ್ದ ರಸ್ತೆ ಎನ್ನಬಹುದೇ ಎಂದು ಚಿಂತಿಸುತ್ತಿದ್ದೆ.

ಅಂತೂ ಆ ದಾರಿಯನ್ನು ಪರೀಕ್ಷಿಸಲು ನಾಲ್ವರೂ ಹೊರಟೆವು. ಎಲ್ಲರ ಮೈಮೇಲೂ ಸಂಘದ ಹಳದಿ ಜೆರ್ಸಿ. ಜೆರ್ಸಿ ಕೊಡಿಸಿದ್ದು ಯುಗೆಟ್‌ಳ ಗಂಡ ಬದುಕಿದ್ದಾಗ, ಅಂಗಡಿಯ ಲೆಕ್ಕದಲ್ಲಿ. ಆದ್ದರಿಂದ ಪ್ರತಿಯೊಬ್ಬರ ಬೆನ್ನ ಮೇಲೂ ಒಂದು ಹಂದಿ ನಗುತ್ತಿತ್ತು.

ಮೊದಲ ತಿರುವಿನಲ್ಲೇ ಬ್ರೆಡ್ ಮಾರುವ ವ್ಯಾನು ನಮ್ಮನ್ನು ದಾಟಿ ಹೋಯಿತು. ಒಂದು ಹಣ್ಣು. ಮುಂದಿನ ಮನೆಗೆ ಬ್ರೆಡ್ ಕೊಟ್ಟು ಅದೇ ವ್ಯಾನು ವಾಪಸ್ ಬಂತು. ನೊರ್ಬೆರ್ ಅವರ ಕೈ ಮತ್ತೆ ಬೆನ್ನಿಗೆ ಹೋಯಿತು.

"ಅದೇ ವ್ಯಾನು ಕಣೋ!" ಎಂದು ಯುಗೆಟ್ ಕೂಗಿದಳು.

"ಎರಡು ಸಲ ಸಿಕ್ತು. ಎರಡು ಹಣ್ಣು."

"ಹಾಗಾದ್ರೆ ನಿನ್ನ ಮುಖ ನಾನು ಬೆಳಿಗ್ಗೆಯಿಂದ ಎಷ್ಟು ಸಲ ನೋಡಿದೀನಿ, ಅದಕ್ಕೂ ಒಂದೊಂದು ಹಣ್ಣು ಹಾಕು!"

ಅಂಚೆಯ ವ್ಯಾನು ಬಂತು, ಮೂರು. ಟ್ರ್ಯಾಕ್ಟರ್ ಬಂದಾಗಲೂ ಅಧ್ಯಕ್ಷರ ಕೈ ಜೇಬಿನತ್ತ ಹೊರಟಿತು. "ಅದು ಕಾರಾದ್ರೆ ನಾನು ಮದುವಣಗಿತ್ತಿ," ಎಂದಳು ಯುಗೆಟ್. ಕೈ ಹಿಂದಕ್ಕೆ ಬಂತು. ದಾರಿ ತಪ್ಪಿದ ಡಚ್ ಸಂಸಾರವೊಂದು ಕಾರಿನ ಹಿಂದೆ ಚಕ್ರದ ಮನೆಯನ್ನೇ ಎಳೆದುಕೊಂಡು ಬಂತು. ಮನೆಗೆ ಬೇರೆ ಹಣ್ಣು ಹಾಕಬೇಕೇ ಎಂದು ಒಂದು ಇಡೀ ಏರಿನುದ್ದಕ್ಕೂ ಚರ್ಚೆಯಾಗಿ, ಕೊನೆಗೆ ಉಸಿರು ಸಾಲದೆ ಒಂದೇ ಎಂದು ತೀರ್ಮಾನವಾಯಿತು.

ನಾಲ್ಕು ಹಣ್ಣಿಗೆ ಮೊಂಟಾಬ್ರೆ ತಲುಪಿದೆವು. ನನಗೆ ನಂಬಿಕೆಯೇ ಬರಲಿಲ್ಲ.

ಸೈಕಲ್ ತುಳಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ: ಹಳ್ಳಿಯ ಕೆಫೆ ಮುಚ್ಚಿರಬಹುದು, ಬೇಕರಿ ಮುಚ್ಚಿರಬಹುದು, ಸ್ಮಶಾನದ ನಲ್ಲಿಯಲ್ಲಿ ಮಾತ್ರ ನೀರು ಇದ್ದೇ ಇರುತ್ತದೆ. ಸಮಾಧಿಯ ಹೂಗಳಿಗೆಂದು ಇಟ್ಟ ಆ ನಲ್ಲಿಯಲ್ಲೇ ನಾವೆಲ್ಲ ಬಾಟಲಿ ತುಂಬಿಕೊಳ್ಳುವುದು. ಮೊಂಟಾಬ್ರೆಯ ನಲ್ಲಿಯನ್ನು ನಾನು ಮೂರು ಸಲ ತಿರುಗಿಸಿ ನೋಡಿ ಬಂದಿದ್ದೆ. ಆ ದಿನ ಅಲ್ಲಿ ಯಾರನ್ನಾದರೂ ಮಣ್ಣು ಮಾಡುತ್ತಾರೆಯೇ ಎಂದು ವಿಚಾರಿಸುವುದು ಹೊಳೆದಿರಲಿಲ್ಲ.

ಇವೋನ್ ತನ್ನ ಬಾಟಲಿಗೆ ಪುದೀನ ಶರಬತ್ತು ಬೆರೆಸಿಕೊಳ್ಳುತ್ತಿದ್ದಾಗ ಯುಗೆಟ್ ಹೇಳಿದಳು, "ಮಿರೆಯ್, ಆ ಗುಂಡಿ ಹೊಸದಾಗಿ ತೋಡಿರೋ ಹಾಗಿದೆಯಲ್ಲೇ?"

ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿತು. ತಿರುವಿನಲ್ಲಿ ಶವದ ಕಪ್ಪು ಗಾಡಿ ಕಾಣಿಸಿತು. ಅದರ ಹಿಂದೆ ಒಂದೊಂದಾಗಿ ಕಾರುಗಳು ಬರತೊಡಗಿದವು. ನೊರ್ಬೆರ್ ಶಿಲುಬೆಯ ಗುರುತು ಮಾಡಿಕೊಂಡರು. ಆ ಕೈ ಎದೆಯಿಂದ ನೇರವಾಗಿ ಬೆನ್ನ ಜೇಬಿಗೆ ಹೋಯಿತು.

"ಗಾಡಿ ಸೇರಿ ಏಳು. ಒಟ್ಟು ಹನ್ನೊಂದು," ಎಂದು ಪಿಸುಗುಟ್ಟಿದರು. "ಪಾಪ. ಮಿರೆಯ್, ನಂಗೂ ಬೇಜಾರೇ."

ನನ್ನ ಎರಡು ವಸಂತಗಳು ಆ ಗುಂಡಿಯೊಳಗೇ ಇಳಿದಂತಾಯಿತು.

"ಹೆಣದ ಗಾಡಿ ಹೇಗೆ ಲೆಕ್ಕ?" ಯುಗೆಟ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದಳು. "ಸೆಪ್ಟೆಂಬರಲ್ಲೂ ಅವರೇ ಬರ್ತಾರಾ? ಗಾಡಿಯಲ್ಲಿರೋರಿಗೆ ಇದೇ ಕೊನೇ ಪ್ರಯಾಣ ಕಣೋ. ಸತ್ತೋರ ಮೇಲೂ ಹಣ್ಣು ಎಣಿಸ್ತೀಯಾ, ನಾಚಿಕೆ ಆಗಲ್ವಾ?"

ನೊರ್ಬೆರ್ ಅವರ ಕಿವಿ ಕೆಂಪಾಯಿತು. ಒಂದು ಹಣ್ಣು ಎಡಗಡೆಯಿಂದ ಬಲಗಡೆಗೆ ವಾಪಸ್ ಹೋಯಿತು. "ಹತ್ತು. ಇನ್ನೊಂದೇ ಒಂದು ಬಂದ್ರೂ ಮುಗೀತು, ತಿಳ್ಕೊಳ್ಳಿ."

ಹೊರಟುಬಿಡೋಣವೆಂದರೆ ಗೇಟಿಗೆ ಅಡ್ಡವಾಗಿ ಗಾಡಿ ನಿಂತಿತ್ತು. ಹೆಲ್ಮೆಟ್ ತೆಗೆದು ಗೋಡೆಯ ಪಕ್ಕ ಸಾಲಾಗಿ ನಿಂತೆವು. ಹಂದಿಗಳು ಕಾಣಬಾರದೆಂದು ಬೆನ್ನನ್ನು ಗೋಡೆಗೆ ಒತ್ತಿಕೊಂಡೆವು. ಬಂದವರು ಹೆಚ್ಚಿರಲಿಲ್ಲ. ಕಪ್ಪು ಟೊಪ್ಪಿಗೆ ಹಾಕಿದ್ದ ಒಬ್ಬ ಮುದುಕಿ ಪೆಟ್ಟಿಗೆಯ ಹಿಂದೆ ಬರುತ್ತಿದ್ದವಳು ನಮ್ಮ ಸಾಲನ್ನು ಕಂಡು ನಿಂತುಬಿಟ್ಟಳು.

"ನೀವೆಲ್ಲ ನಮ್ಮ ಆನ್ಸೆಲ್ಮ್ ಸ್ನೇಹಿತರಾ?"

ಸುಳ್ಳು ಹೇಳಲು ನನಗೆ ಬರುವುದಿಲ್ಲ. ಅಂಥ ಕಡೆ ನಿಜ ಹೇಳಲೂ ಬರಲಿಲ್ಲ.

"ನಾವು ಸೈಕಲ್ ಸಂಘದವರು, ಮಾದಾಮ್," ಎಂದರು ನೊರ್ಬೆರ್.

"ಸೈಕಲ್ ಸಂಘ! ಒಂದು ದಿನಾನೂ ನಂಗೆ ಹೇಳಲಿಲ್ಲ ನೋಡಿ ಅವನು. ನಾನು ಲಿಯೋನಿ, ಅವನ ತಂಗಿ. ಬನ್ನಿ, ಮುಂದೆ ಬನ್ನಿ, ಗೋಡೆಗೆ ಯಾಕೆ ಅಂಟ್ಕೊಂಡಿದೀರಿ?"

ಹೋದೆವು. ಸೈಕಲ್ ಬೂಟುಗಳು ಕಲ್ಲಿನ ಮೇಲೆ ಕುದುರೆಗಳಂತೆ ಟಕಟಕ ಸದ್ದು ಮಾಡಿದವು. ಪಾದ್ರಿಗಳ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಾಗಿ ಪೆಟ್ಟಿಗೆಯ ಮೇಲೆ ಪವಿತ್ರ ಜಲ ಚಿಮುಕಿಸುವುದು ಪದ್ಧತಿ. ನಾವೂ ಸಾಲಿನಲ್ಲಿ ಸೇರಿಕೊಂಡೆವು. ಇವೋನ್‌ನ ಸರದಿ ಬಂತು. ಒಂದು ಕೈಯಲ್ಲಿ ಹೆಲ್ಮೆಟ್, ಇನ್ನೊಂದರಲ್ಲಿ ಬಾಟಲಿ. ನೀರು ಚಿಮುಕಿಸುವ ಕೋಲನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಗಾಬರಿಯಲ್ಲಿ ಅವನು ಬಾಟಲಿಯನ್ನೇ ಹಿಚುಕಿಬಿಟ್ಟ.

ಪೆಟ್ಟಿಗೆಯ ಮೇಲೆ ಹಸಿರು ಶರಬತ್ತು ಚಿಮ್ಮಿತು. ಪುದೀನ ವಾಸನೆ ಸುತ್ತ ಹರಡಿತು.

ಪಾದ್ರಿಗಳು ಕಣ್ಣು ಮುಚ್ಚಿಕೊಂಡರು. ನೊರ್ಬೆರ್ ಹಣೆ ಹಿಡಿದುಕೊಂಡರು. ಇವೋನ್ ಬಾಟಲಿಯನ್ನು ಪಕ್ಕದ ಸಮಾಧಿಯ ಮೇಲೆ ಇಟ್ಟು, ಅದು ತನ್ನದಲ್ಲವೆಂಬಂತೆ ಎರಡು ಹೆಜ್ಜೆ ದೂರ ಸರಿದ.

"ಪುದೀನ," ಎಂದಳು ಲಿಯೋನಿ, ಮೂಗು ಅರಳಿಸಿ. ಅವಳ ಕಣ್ಣು ತುಂಬಿ ಬಂತು. "ಪುದೀನ ಶರಬತ್ತು ಅಂದ್ರೆ ಪ್ರಾಣ ಬಿಡೋನು. ನಿಮಗೆ ಅದೂ ಗೊತ್ತಿತ್ತಲ್ಲ!"

ನನಗೆ ತಡೆಯಲಾಗಲಿಲ್ಲ. ಅವಳ ಕೈ ಹಿಡಿದು ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಆಗಲೇ ಕಾರುಗಳ ಸಾಲಿನ ಕೊನೆಯಲ್ಲಿ, ನೆರೆಯವರು ಯಾರೋ ಓಡಿಸಿಕೊಂಡು ಬಂದು ನಿಲ್ಲಿಸಿದ್ದ ಹಳೆಯ ಬಿಳಿ ವ್ಯಾನು ನನ್ನ ಕಣ್ಣಿಗೆ ಬಿತ್ತು.

"ಅಯ್ಯೋ, ಅವರಾ?" ಎಂದೆ. "ಅವರು ನನ್ನ ಕಂಡಾಗಲೆಲ್ಲ ಬೆರಳು ಎತ್ತೋರು. ಹೀಗೆ. ಎರಡು ವರ್ಷದಿಂದ. ನಾನೂ ಎತ್ತುತ್ತಿದ್ದೆ. ಹೆಸರು ಕೇಳಬೇಕಿತ್ತು, ಕೇಳಲೇ ಇಲ್ಲ."

ಲಿಯೋನಿ ಅಳುತ್ತಲೇ ನಕ್ಕಳು. "ಆ ಬೆರಳು! ಹಸುಗಳಿಗೂ ಎತ್ತೋನು ಕಣಮ್ಮ. ಲೈಸೆನ್ಸ್ ನಂಗೂ ಇದೆ, ಇಷ್ಟು ವರ್ಷದಲ್ಲಿ ಒಂದು ದಿನ ಸ್ಟಿಯರಿಂಗ್ ಮುಟ್ಟಕ್ಕೆ ಬಿಡಲಿಲ್ಲ. ನೀನು ಓಡಿಸಿದ್ರೆ ಬೆರಳು ಎತ್ತೋರು ಯಾರು ಅನ್ನೋನು."

ತನ್ನ ಮನೆಯಲ್ಲಿ ಒಂದೊಂದು ಲೋಟ ವೈನ್ ಕುಡಿಯದೆ ಅವಳು ನಮ್ಮನ್ನು ಹೊರಡಲು ಬಿಡಲಿಲ್ಲ. ಇವೋನ್ ಆಲೂಗಡ್ಡೆ ಪೈನ ಮೂರು ತುಂಡು ತಿಂದು ದುಃಖ ತೋಡಿಕೊಂಡ.

ಆಮೇಲಿನ ರಸ್ತೆ ಚೆಸ್ಟ್‌ನಟ್ ಮರಗಳ ಕೆಳಗೆ ಇಳಿಜಾರು. ನಮ್ಮ ಚಕ್ರಗಳ ಸದ್ದು ಬಿಟ್ಟರೆ ಒಂದು ಕೋಗಿಲೆ. ಇದಕ್ಕಾಗಿಯೇ ನಾನು ಎರಡು ವಸಂತ ಅಲೆದದ್ದು. ಆದರೆ ಎಲೆ ಅಲುಗಿದರೂ ಕಾರು ಎನಿಸಿ ತಿರುಗಿ ನೋಡುತ್ತಿದ್ದೆ. ಊರಿನ ಚರ್ಚಿನ ಗೋಪುರ ಕಾಣಿಸಿತು. ಇನ್ನೊಂದು ತಿರುವು ದಾಟಿದರೆ ಮನೆ.

ಹಿಂದಿನಿಂದ ಗೇರು ಕಿರುಚಿದ ಸದ್ದು ಕೇಳಿತು.

ತಿರುಗಿ ನೋಡಿದೆವು. ಬಿಳಿ ವ್ಯಾನು. ರಸ್ತೆಯ ನಟ್ಟನಡುವೆ, ಮೊದಲ ಗೇರಿನಲ್ಲಿ, ಹೊಗೆ ಕಾರುತ್ತ ಬರುತ್ತಿತ್ತು. ಸ್ಟಿಯರಿಂಗ್ ಹಿಂದೆ ಕಪ್ಪು ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ನಾವು ಬೇಲಿಗೆ ಒತ್ತಿಕೊಂಡೆವು. ವ್ಯಾನು ಜಿಗಿದು ಜಿಗಿದು ನಿಂತಿತು.

"ಬಾಟಲಿ ಬಿಟ್ಟು ಬಂದಿದೀಯಲ್ಲೋ!" ಲಿಯೋನಿ ಕಿಟಕಿಯಿಂದ ಇವೋನ್‌ನ ಬಾಟಲಿ ಚಾಚಿದಳು. ಅವಳ ಕೆನ್ನೆ ಕೆಂಪೇರಿತ್ತು. "ಓಡತ್ತೆ ಕಣ್ರೋ ಇದು! ನಾನು ಓಡಿಸಿದ್ರೂ ಓಡತ್ತೆ! ಇನ್ಮೇಲೆ ದಿನಾ ಬೆಳಿಗ್ಗೆ ವ್ಯಾನು ಹೊರಗೆ ತೆಗೀತೀನಿ."

ವ್ಯಾನು ಮತ್ತೆ ಕಿರುಚಿ ಮುಂದೆ ಹೊರಟಿತು. ಹೋಗುತ್ತ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎದ್ದಿತು. ಬೆರಳು ಎದ್ದೊಡನೆ ವ್ಯಾನು ಚರಂಡಿಯತ್ತ ವಾಲಿತು. ಬೆರಳು ಇಳಿದ ಮೇಲೆ ರಸ್ತೆಗೆ ವಾಪಸ್ ಬಂತು.

ನೊರ್ಬೆರ್ ಬೆರಳು ಎತ್ತಿದರು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಇಳಿಸಲಿಲ್ಲ.

ಆಮೇಲೆ ಅವರ ಕೈ ಬೆನ್ನ ಬಲಜೇಬಿಗೆ ಹೋಯಿತು. ಒಂದು ಹಣ್ಣು ಹೊರಬಂತು. ನೊರ್ಬೆರ್ ಹಣ್ಣನ್ನು ಬೆರಳ ನಡುವೆ ತಿರುಗಿಸಿ ತಿರುಗಿಸಿ ನೋಡಿದರು, ಒರೆಸಿದರು, ಬಾಯಿಗೆ ಹಾಕಿಕೊಂಡರು.

"ಹಸಿವಾಯ್ತು," ಎಂದರು.

ನನಗೆ ಸುಮ್ಮನಿರಲು ಆಗಬೇಕಲ್ಲ. "ನೊರ್ಬೆರ್, ಆದ್ರೆ ಬ್ರೆಡ್ ವ್ಯಾನನ್ನ ನೀವು ಎರಡು ಸಲ ಎಣಿಸಿದ್ರಿ, ನ್ಯಾಯವಾಗಿ ನೋಡಿದ್ರೆ ಇದೂ…"

ಯುಗೆಟ್‌ಳ ಸೈಕಲ್ಲಿನ ಮುಂಚಕ್ರ ನನ್ನ ಮೀನಖಂಡಕ್ಕೆ ತಾಗಿತು. "ಬಾಯ್ಮುಚ್ಚೇ ಮಗಳೇ. ಅಧ್ಯಕ್ಷರು ಊಟ ಮಾಡ್ತಿದ್ದಾರೆ."

ನೊರ್ಬೆರ್ ಬೀಜವನ್ನು ಬೇಲಿಯಾಚೆ ಉಗಿದರು. "ಎಡಗಡೆ ಹತ್ತು. ಮಿರೆಯ್, ಕರಪತ್ರದಲ್ಲಿ ಒಂದು ಸಾಲು ಸೇರಿಸು. ಮೊಂಟಾಬ್ರೆ ಹತ್ರ ಬಿಳಿ ವ್ಯಾನು ಕಂಡ್ರೆ ಎಲ್ಲರೂ ಸೈಕಲ್ ಇಳಿದು ಬೇಲಿ ಪಕ್ಕ ನಿಲ್ಲಬೇಕು, ಒಂದು ಬೆರಳು ಎತ್ತಬೇಕು."

"ಯಾವ ಬೆರಳು ಅಂತಾನೂ ಬರಿ," ಎಂದಳು ಯುಗೆಟ್. "ಲಾರಿಯವನಿಗೆ ನಾನು ಎತ್ತಿದ್ದು ಅಲ್ಲ ಅಂತ ಸ್ಪಷ್ಟವಾಗಿ ಹಾಕು."

ಉಳಿದ ದಾರಿಯುದ್ದಕ್ಕೂ ಆ ಸಾಲನ್ನು ಮರ್ಯಾದೆಯಾಗಿ ಬರೆಯುವುದು ಹೇಗೆಂದು ನಾನು ಯೋಚಿಸುತ್ತಲೇ ಸೈಕಲ್ ತುಳಿದೆ.