ಮುಚ್ಚಳ ಹಿಡಿದು ನಿಂತವರು

ಬಿಸಿ, ಟವೆಲ್ ಸುತ್ತಿದ್ದರೂ ಪಾತ್ರೆಯ ತಳದ ಬಿಸಿ ಸೀರೆ ದಾಟಿ ತೊಡೆಗೆ ತಾಗುತ್ತಿದೆ, ಕುವೈತಿನ ಎಗೈಲಾದ ನಮ್ಮ ಮನೆ ಬಿಟ್ಟು ಇಷ್ಟು ದೂರ ಬಂದರೂ ಆರಿಲ್ಲ, ಇವರು ಮಾಡಿದ ಕೋಳಿಸಾರು ಬೇಗ ಆರುವುದೇ ಇಲ್ಲ — ನನ್ನ ಕಿಟಕಿಯಾಚೆ ಎಲ್ಲೋ ಸಮುದ್ರವಿದೆ, ಧೂಳಿನಲ್ಲಿ ಕಾಣುವುದಿಲ್ಲ, ಆದರೂ ಇವರು ಕಾರು ಓಡಿಸುತ್ತ ಆಗಾಗ ಅತ್ತ ನೋಡುತ್ತಾರೆ, ನೌಕಾಪಡೆ ಬಿಟ್ಟು ಎಷ್ಟೋ ವರ್ಷವಾದರೂ ನನ್ನ ಗಂಡ ಕ್ಲಿಫರ್ಡ್‌ಗೆ ಆ ಚಟ ಹೋಗಿಲ್ಲ. ಸ್ಟಿಯರಿಂಗ್ ಹಿಡಿದ ಕೈ ಇವತ್ತು ಉದ್ದ ತೋಳಿನ ಅಂಗಿಯೊಳಗಿದೆ, ಫ್ರೀಡಾ ಹಾಕಿಸಿದ್ದು, ಮಗಳಿಗೆ ಈ ಸಂಬಂಧ ತಂದ ನನ್ನ ಚಿಕ್ಕಪ್ಪನ ಮಗಳು, ಹಿಂದಿನ ಸೀಟಿನಿಂದ ಮತ್ತೆ ಶುರು ಮಾಡಿದ್ದಾಳೆ, ಆಗ್ನೆಸ್ ಬಾಯೆ, ನೆನಪುಂಟಲ್ಲ, ನೇವಿಯಲ್ಲಿ ಆಫೀಸರ್, ಜಾಸ್ತಿ ಕೇಳಿದ್ರೆ ಸಪ್ಲೈ ಬ್ರಾಂಚ್ ಅನ್ನಿ, ಖಲಾಸ್, ಮತ್ತೆ ಸಾರು ಮಾಡಿದ್ದು ನೀವು. ಇದನ್ನು ಮೊದಲು ಹೇಳಿಬಂದವಳೂ ಅವಳೇ, ಹುಡುಗ ಜೋಯಲನ ಮನೆಯಲ್ಲಿ, ಅವನ ಅಪ್ಪ ಮೈಕಲ್ ಮುಂದೆ, ನಮ್ಮನ್ನು ಒಂದು ಮಾತು ಕೇಳದೆ. ಕೇಳಿದರೆ, ಎಂತ ಮಾರಾಯ್ತಿ, ಮೈಕಲ್ ಮನೆಯವರ ಹತ್ರ ಕುಕ್ ಅಂತ ಹೇಳ್ಲಿಕ್ಕೆ ಆಗ್ತದಾ, ಹುಡುಗ ಬ್ಯಾಂಕಿನಲ್ಲಿದ್ದಾನೆ. ಬ್ಯಾಂಕಿನಲ್ಲಿದ್ದವನು ಊಟ ಮಾಡುವುದಿಲ್ಲವೇ. ಅವಳ ಪಕ್ಕದಲ್ಲಿ ಅಲಿಶಾ, ನನ್ನ ಮಗಳು, ಕಿಟಕಿಗೆ ಹಣೆ ಒತ್ತಿ ಕೂತಿದ್ದಾಳೆ, ಮೊನ್ನೆ ಪಾತ್ರೆ ಒರೆಸುತ್ತ ಹಿ ಈಸ್ ನೈಸ್, ಮಮ್ಮಾ ಅಂದಿದ್ದಳು, ಜೋಯಲ್ ಬಗ್ಗೆ, ಅವಳು ಸುಲಭಕ್ಕೆ ಯಾರನ್ನೂ ಹೊಗಳುವವಳಲ್ಲ, ಆದ್ದರಿಂದ ಇವತ್ತು ನನ್ನ ಬಾಯಿಂದ ಒಂದು ಮಾತು ತಪ್ಪಿದರೆ ಹೋಗುವುದು ಅವಳ ಪಾಲಿನದು, ನನ್ನದಲ್ಲ. ಅದನ್ನು ಯೋಚಿಸಿ ಯೋಚಿಸಿಯೇ ಬೆಳಗ್ಗೆ ಚರ್ಚಿನಲ್ಲಿ ಪಾದ್ರಿ ಏನು ಹೇಳಿದರೆಂದು ಕೇಳಿಸಲಿಲ್ಲ. ಇವರನ್ನು ಕೇಳಿದೆ, ನೀವು ಏನು ಹೇಳುತ್ತೀರಿ ಅಂತ, ಮಗಳಿಗೆ ಒಳ್ಳೆಯದಾಗುವುದಾದರೆ ಏನು ಬೇಕಾದರೂ ಆಗುತ್ತೇನೆ ಅಂದರು, ತೋಳಿನ ಗುಂಡಿ ಹಾಕಿಕೊಳ್ಳುತ್ತ, ತಲೆ ಎತ್ತದೆ.

ಆ ತೋಳು — ಮೊಣಕೈಯಿಂದ ಮಣಿಕಟ್ಟಿನವರೆಗೆ ನುಣುಪಾಗಿ ಹೊಳೆಯುವ ಚರ್ಮ, ಗಾಳಿಗೆ ಹಡಗು ವಾಲಿದಾಗ ಕುದಿಯುವ ಬೇಳೆಯ ಹಂಡೆ ಜಾರಿತ್ತು, ಮಗುಚಿದರೆ ಪಾಳಿ ಮುಗಿಸಿ ಬರುವವರಿಗೆ ಊಟವಿಲ್ಲ, ತೋಳು ಅಡ್ಡ ಕೊಟ್ಟರು, ಬ್ಯಾಂಡೇಜು ಸುತ್ತಿಕೊಂಡು ಅದೇ ಬೇಳೆ ಬಡಿಸಿದರು. ಗುಂಡು ತಾಗಿದ ಗಾಯವಾಗಿದ್ದರೆ ಫ್ರೀಡಾ ಇವತ್ತು ಅರ್ಧ ತೋಳಿನ ಅಂಗಿ ಹಾಕಿಸುತ್ತಿದ್ದಳು. ಹಡಗಿನಲ್ಲಿ ಅಡುಗೆ ಆದ ಕೂಡಲೇ ಯಾರೂ ಉಣ್ಣುವ ಹಾಗಿಲ್ಲ, ಮಾಡಿದ ಒಂದೊಂದನ್ನೂ ಸ್ವಲ್ಪ ಸ್ವಲ್ಪ ತಟ್ಟೆಗೆ ಹಾಕಿ, ಮುಚ್ಚಿ, ಆ ದಿನದ ಡ್ಯೂಟಿ ಆಫೀಸರ ಮುಂದೆ ಒಯ್ಯಬೇಕು, ಅಡುಗೆಯವನು ಮುಚ್ಚಳ ತೆಗೆದು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಬೇಕು, ಅವರು ಒಂದು ಚಮಚ ಬಾಯಿಗಿಟ್ಟು ಸರಿ ಎಂದ ಮೇಲೆಯೇ ಉಳಿದವರಿಗೆ. ಮನೆಯಲ್ಲಿಯೂ ಬಿಡಲಿಲ್ಲ, ರಜೆಯ ದಿನ ಇವರೇ ಅಡುಗೆ, ಸ್ಟೂಲಿನ ಮೇಲೆ ನಿಂತ ಪುಟ್ಟ ಅಲಿಶಾ ಡ್ಯೂಟಿ ಆಫೀಸರ್, ಇವರು ಮುಚ್ಚಳ ಹಿಡಿದು ನಿಲ್ಲುತ್ತಿದ್ದರು, ಅವಳು ಚಮಚ ನೆಕ್ಕಿ, ಗಂಭೀರವಾಗಿ, ಓಕೆ, ಕ್ಯಾರಿ ಆನ್ ಅನ್ನುತ್ತಿದ್ದಳು, ಆಮೇಲೆಯೇ ಬಡಿಸುವುದು. ವಿಶಾಖಪಟ್ಟಣದ ನೇವಿ ಕ್ವಾರ್ಟರ್ಸಿನಲ್ಲಿ ಹೆಂಗಸರ ಸಭೆಗಳಾಗುತ್ತಿದ್ದವು, ಗಂಡಂದಿರ ಹುದ್ದೆಯ ಪ್ರಕಾರ ಕುರ್ಚಿ, ಮುಂದೆ ಸೋಫಾ, ನಾನು ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಬೇಸರವಾಗಿತ್ತು ನಿಜ, ಆದರೆ ನಾನು ಯಾರ ಹೆಂಡತಿ ಎಂದು ಅಲ್ಲಿ ಯಾರೂ ಸುಳ್ಳು ಹೇಳಿಸಲಿಲ್ಲ. ಕುವೈತಿನಲ್ಲಿ ವಿಮಾನ ಇಳಿಯುವಷ್ಟರಲ್ಲಿ ನಮ್ಮವರೆಲ್ಲರಿಗೂ ಒಂದೊಂದು ಬಡ್ತಿ ಸಿಕ್ಕಿರುತ್ತದೆ. ಇವರು ಅಮೆರಿಕದವರ ಕ್ಯಾಂಪಿನ ಮೆಸ್ಸಿನಲ್ಲಿದ್ದಾಗ ಮ್ಯಾನೇಜರ್ ಒಬ್ಬನಿದ್ದ, ಬಿಳಿಗಡ್ಡ, ಮರೀನ್ ಪಡೆಯಿಂದ ನಿವೃತ್ತನಾದವನು, ಯಾರು ಕೇಳಿದರೂ ಮರೀನ್ಸಿನಲ್ಲಿ ಟ್ರಕ್ ಓಡಿಸುತ್ತಿದ್ದೆ ಅನ್ನುತ್ತಿದ್ದ, ನಮ್ಮಪ್ಪನೂ ಮರೀನ್, ಅಡುಗೆಯವನು ಅಂತಲೂ ಸೇರಿಸುತ್ತಿದ್ದ, ಬೇರೆಯವರು ನಮ್ಮಪ್ಪ ಕರ್ನಲ್ ಅನ್ನುವ ಗತ್ತಿನಲ್ಲಿ. ಇವರು ಅದನ್ನು ಮನೆಗೆ ಬಂದು ಹೇಳಿ ನಕ್ಕಿದ್ದರು, ನಗುತ್ತ ನಗುತ್ತ ಯಾಕೋ ತಮ್ಮ ತೋಳು ಸವರಿಕೊಂಡಿದ್ದರು, ಹುಡುಗನ ಮನೆಯಿರುವ ಸಲ್ವಾದ ಬೋರ್ಡು ಬಂತು, ಕಾರು ತಿರುಗಿಸಿದರು.

ಆಗ ಮೆಟ್ಟಿಲು, ಬಾಗಿಲು, ಬನ್ನಿ ಬನ್ನಿ, ಚಪ್ಪಲಿ ಅಲ್ಲೇ ಇರಲಿ, ಜೋಯಲ್ ಪಾತ್ರೆಗೆ ಕೈ ಚಾಚಿದ, ಕೊಡಿ ಆಂಟಿ, ಬಿಸಿ ಉಂಟಲ್ಲ, ನಾನು ಕೊಡಲಿಲ್ಲ, ನಾನೇ ಮೇಜಿನ ಮೇಲಿಟ್ಟೆ, ಅವನ ಕಣ್ಣು ಮಾತ್ರ ಅಲಿಶಾಳ ಕಡೆ, ಅವಳದ್ದೂ, ಒಳ್ಳೆಯ ಹುಡುಗ, ದೇವರೇ, ಒಳ್ಳೆಯ ಹುಡುಗ. ಅವನ ತಾಯಿ ವೆಲಿಟಾ ಜ್ಯೂಸ್ ಕೊಟ್ಟು ಎದುರು ಕೂತು, ಆಗ್ನೆಸ್, ಪರಿಮಳ ನೋಡಿ, ಎಂತ ಹಾಕಿದ್ದೀರಿ ಇದಕ್ಕೆ ಅಂದರು, ಫ್ರೀಡಾಳ ಕಾಲು ನನ್ನ ಕಾಲು ತುಳಿಯಿತು. ಅಷ್ಟರಲ್ಲಿ ಮೈಕಲ್ ಇವರ ಕಡೆ ತಿರುಗಿ, ನೀವು ಆಫೀಸರ್ ಆಗಿದ್ದದ್ದಲ್ಲವಾ, ಯಾವ ಶಿಪ್ಪಿನಲ್ಲಿ ಅಂದರು. ಇವರು ಬಾಯಿ ತೆರೆದರು, ಆ ಸುಳ್ಳು ಗಂಟಲಿಂದ ಮೇಲೆ ಬರುವುದು ನನಗೆ ಕಂಡಿತು, ಹದಿನೈದು ವರ್ಷ ಮುಚ್ಚಳ ಹಿಡಿದು ಬೇರೆಯವರ ಮುಂದೆ ನಿಂತವರು, ಈಗ ಇಲ್ಲಿ ಕೂತು ತಾವಲ್ಲದ ಇನ್ನೊಬ್ಬರಾಗಬೇಕು, ಮಗಳಿಗಾಗಿ, ಹಾಗೆ ಕಟ್ಟಿದ ಮನೆಯಲ್ಲಿ ಮಗಳು ಪ್ರತಿ ಹಬ್ಬಕ್ಕೂ ಅಪ್ಪನ ತೋಳು ಮುಚ್ಚಿಸಬೇಕು, ಆಗದು — ಆಫೀಸರ್ ಅಲ್ಲ, ಕುಕ್ ಆಗಿದ್ದರು, ಈ ಸಾರು ಮಾಡಿದ್ದೂ ಇವರೇ. ನನ್ನದೇ ಸ್ವರ. ಮೈಕಲ್ ಗ್ಲಾಸು ಕೆಳಗಿಟ್ಟರು, ವೆಲಿಟಾ ಫ್ರೀಡಾಳನ್ನು ನೋಡಿದರು, ಫ್ರೀಡಾ ನೆಲವನ್ನು, ಜೋಯಲ್ ಅಪ್ಪನ ಮುಖವನ್ನು, ಹೋಯಿತು ಅಂದುಕೊಂಡೆ, ಹೋದರೆ ಹೋಗಲಿ ಅಂತಲೂ ಅಂದುಕೊಂಡೆ, ಎರಡೂ ಒಂದೇ ಉಸಿರಿನಲ್ಲಿ. ಇವರು ಎದ್ದರು, ಹೊರಟೇಬಿಡುತ್ತಾರೆ ಅಂತ ನನಗೆ ಅನಿಸಿತು, ಇಲ್ಲ, ತೋಳಿನ ಗುಂಡಿ ಬಿಚ್ಚಿದರು, ಮೊಣಕೈಯವರೆಗೆ ಮಡಚಿದರು, ಆ ಹೊಳೆಯುವ ಚರ್ಮ ದೀಪದ ಕೆಳಗೆ, ಮೇಜಿನ ಹತ್ತಿರ ಹೋಗಿ ಟವೆಲ್ ಬಿಚ್ಚಿ ಮುಚ್ಚಳ ತೆಗೆದರು, ಹಬೆ ಎದ್ದಿತು, ಮುಚ್ಚಳ ಹಿಡಿದು ನೆಟ್ಟಗೆ ನಿಂತರು. ಅಲಿಶಾ ಎದ್ದಳು, ಚೂಡಿದಾರದ ಶಾಲು ಹಿಂದಕ್ಕೆ ಎಸೆದು, ಚಮಚ ತೆಗೆದುಕೊಂಡು, ಜೋಯಲನ ಕಡೆಗೂ ನೋಡದೆ, ಒಂದು ಚಮಚ ಬಾಯಿಗಿಟ್ಟಳು, ಗಂಭೀರವಾಗಿ, ನುಂಗಿದಳು. ಓಕೆ, ಡ್ಯಾಡಾ. ಕ್ಯಾರಿ ಆನ್. ಇನ್ನು ಯಾರಿಗೆ ಬೇಕೋ ಅವರು ತಟ್ಟೆ ತರಲಿ, ಬೇಡವಾದವರು ಬಿಡಲಿ, ಇವರ ಕೈಯಲ್ಲಿ ಮುಚ್ಚಳ, ಅಂಚಿನಿಂದ ಒಂದು ಹನಿ, ಬರಿದಾದ ತೋಳು, ಮುಚ್ಚಳ —