ದೇವರ ಪಾಲಿನ ಡಬ್ಬ

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೆಹ್ನಾಜ್ ಎತ್ತಿದ ಚೀಟಿಯಲ್ಲಿ ಪ್ಯಾಲಿಂಡ್ರೋಮ್ ಬಂದಿದೆ ಅಂತ ಗೊತ್ತಾದಾಗ ಗಂಗಾಂಬಿಕೆಗೆ ಸಮಾಧಾನವೇ ಆಯಿತು. ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಪದ ಒಂದೇ ಆಗಿರುತ್ತದೋ ಇಲ್ಲವೋ ಅಂತ ಕಂಪ್ಯೂಟರಿನಿಂದ ಹೇಳಿಸುವ ಪ್ರೋಗ್ರಾಂ ಅದು. ಕಷ್ಟದ್ದೇನಲ್ಲ. ಹುಡುಗಿ ಚುರುಕು. ಪೇಪರಿನ ಮೇಲೆ ಬರೆದು, ಹೊರಗಿನ ಊರಿಂದ ಬಂದಿದ್ದ ಪರೀಕ್ಷಕ ಕೃಷ್ಣಪ್ಪನವರ ಸಹಿ ಹಾಕಿಸಿಕೊಂಡು, ಕಿಟಕಿ ಪಕ್ಕದ ಮೆಷಿನ್ನಿನ ಮುಂದೆ ಹೋಗಿ ಕೂತಳು. ಗಂಗಾಂಬಿಕೆ ಬಾಗಿಲ ಹತ್ತಿರ ಕೈಕಟ್ಟಿ ನಿಂತಳು. ಪರೀಕ್ಷೆ ನಡೆಯುವಾಗ ಪಾಠ ಮಾಡಿದವರು ಬಾಯಿ ಬಿಡಕೂಡದು, ಅದು ನಿಯಮ.

ಕೊಪ್ಪದ ಆ ಕಾಲೇಜಿನಲ್ಲಿ ಪಿಯುಸಿಗೆ ಕಂಪ್ಯೂಟರ್ ಸೈನ್ಸ್ ಬಂದದ್ದು ಎರಡು ವರ್ಷದ ಹಿಂದೆ, ಎರಡು ಸಾವಿರದ ನಾಲ್ಕರಲ್ಲಿ. ಪಾಠ ಮಾಡುವವರು ಯಾರು ಅಂತ ಕೇಳಿದ್ದಕ್ಕೆ ಆಡಳಿತ ಮಂಡಳಿಯವರು, "ಲೆಕ್ಕ ಬಂದವ್ರಿಗೆ ಕಂಪ್ಯೂಟರ್ ಎಂತ ಮಹಾ ಮಾರಾಯ" ಅಂತ ಗಣಿತದ ಗಂಗಾಂಬಿಕೆಯನ್ನೇ ಬೇಸಿಗೆಯ ತರಬೇತಿಗೆ ಚಿಕ್ಕಮಗಳೂರಿಗೆ ಕಳಿಸಿದರು. ಅವಳೂ ಇಲ್ಲ ಅನ್ನಲಿಲ್ಲ. ಗಂಗಾಂಬಿಕೆ ಮೇಡಂ ಬೋರ್ಡಿನ ಮೇಲೆ ಹಾಕಿದ ಲೆಕ್ಕವನ್ನು ತಪ್ಪಾಯಿತು ಅಂತ ಒರೆಸಿದ್ದನ್ನು ಕಂಡವರಿಲ್ಲ ಅನ್ನುವ ಮಾತು ಊರಿನಲ್ಲಿತ್ತು. ಅವಳ ಕೈಯಲ್ಲಿ ಕಲಿತವರ ಮಕ್ಕಳೇ ಈಗ ಅವಳ ಕ್ಲಾಸಿಗೆ ಬರುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗ ಕೇಳಿಸದವಳ ಹಾಗೆ ಮುಂದೆ ಹೋಗುತ್ತಿದ್ದಳು. ಆದರೆ ಅದು ಬಿದ್ದ ದಿನ ಮನೆಯಲ್ಲಿ ಸಾರಿನ ರುಚಿಯೇ ಬೇರೆ.

ತರಬೇತಿಯಲ್ಲಿ ಎಲ್ಲ ತಲೆಗೆ ಹತ್ತಿತು, ಒಂದು ಬಿಟ್ಟು. ಸಿ ಪ್ಲಸ್ ಪ್ಲಸ್‌ನಲ್ಲಿ ಹತ್ತು ಸಂಖ್ಯೆ ಇಡಬೇಕಾದರೆ ಸಾಲಾಗಿ ಹತ್ತು ಡಬ್ಬ ಜೋಡಿಸಿಟ್ಟ ಹಾಗೆ ಜಾಗ ಮಾಡಬೇಕು. ಆದರೆ ಮೊದಲನೆಯ ಡಬ್ಬದ ನಂಬರು ಒಂದಲ್ಲ, ಸೊನ್ನೆ. ಹತ್ತನೆಯದ್ದು ಒಂಬತ್ತು. ಯಾಕೆ ಅಂದರೆ ಹೇಳಿಕೊಟ್ಟವರು ಹಾಗೇ ಅಂದುಬಿಟ್ಟರು. ಇಲ್ಲಿ ಬಂದು ಮಕ್ಕಳಿಗೆ ಹೇಳಿದರೆ ಮಕ್ಕಳೂ ಅದೇ ಜಾಗದಲ್ಲಿ ಎಡವಿದರು. ಒಬ್ಬ ಸೊನ್ನೆಯಿಂದ ಶುರು ಮಾಡಿ ಹತ್ತರ ತನಕ ಹೋಗುತ್ತಿದ್ದ, ಇನ್ನೊಬ್ಬ ಒಂದರಿಂದ ಶುರು ಮಾಡಿ ಒಂಬತ್ತಕ್ಕೇ ಕೈಬಿಡುತ್ತಿದ್ದ. ಕೊನೆಗೆ ಗಂಗಾಂಬಿಕೆಗೆ ಅಡ್ಡಗದ್ದೆಯ ತವರುಮನೆ ನೆನಪಾಯಿತು. ಹೊಸ ಅಕ್ಕಿ ಅಳೆಯುವಾಗ ಅಮ್ಮ ಮೊದಲ ಸೇರನ್ನು ದೇವರಿಗೆ ಅಂತ ಬೇರೆ ಎತ್ತಿಡುತ್ತಿದ್ದಳು. ಅದು ಲೆಕ್ಕಕ್ಕಿಲ್ಲ. ಆಮೇಲಿನ ಸೇರಿನಿಂದ ಒಂದು, ಎರಡು, ಮೂರು.

"ಸೊನ್ನೆ ನಂಬರಿನ ಡಬ್ಬ ದೇವರ ಪಾಲು" ಅಂದಳು ಕ್ಲಾಸಿನಲ್ಲಿ. "ಅದನ್ನ ಖಾಲಿ ಬಿಡಿ. ಒಂದು ಡಬ್ಬ ಜಾಸ್ತಿ ಇಟ್ಕೊಳ್ಳಿ, ಒಂದರಿಂದ ಹತ್ತರವರೆಗೆ ನಿಮ್ಮದು."

"ಯಾವ ದೇವರಿಗೆ ಮೇಡಂ?" ಅಂತ ಕೇಳಿದ್ದು ಮೆಹ್ನಾಜ್. ಬಸ್‌ಸ್ಟ್ಯಾಂಡಿನ ಹತ್ತಿರ ಬಾಳೆಕಾಯಿ ಮಂಡಿ ಇಟ್ಟಿರುವ ಅಸಾದುಲ್ಲಾನ ಮಗಳು. ಕ್ಲಾಸು ಗೊಳ್ಳೆಂದಿತು.

"ಕಂಪ್ಯೂಟರಿನ ದೇವರಿಗೆ ಮಾರಾಯ್ತಿ" ಅಂದು ಗಂಗಾಂಬಿಕೆಯೂ ನಕ್ಕಳು.

ಅವತ್ತಿನಿಂದ ಎಲ್ಲರ ಪ್ರೋಗ್ರಾಮೂ ಸಲೀಸಾಗಿ ಓಡಿತು. ಮೊತ್ತ ಬಂತು, ಸರಾಸರಿ ಬಂತು, ದೊಡ್ಡದರಿಂದ ಸಣ್ಣದಕ್ಕೆ ಜೋಡಿಸುವುದೂ ಬಂತು. ಮೆಹ್ನಾಜ್ ಒಬ್ಬಳು ಮಾತ್ರ ಒಂದು ಸಲ ಸೊನ್ನೆಯಿಂದ ಶುರು ಮಾಡಿ ಬರೆದುಕೊಂಡು ಬಂದಿದ್ದಳು. ಗಂಗಾಂಬಿಕೆ ಅದರ ಮೇಲೆ ಕೆಂಪು ಗೀಟು ಎಳೆದಳು. "ಉತ್ತರ ಸರಿಯೇ ಬರ್ತದಲ್ಲ ಮೇಡಂ" ಅಂದಿದ್ದಕ್ಕೆ, "ಬರ್ತದೆ. ಆದ್ರೆ ಎಲ್ಲರೂ ಒಂದೇ ರೀತಿ ಬರೀಬೇಕು. ನೀನೊಬ್ಬಳು ಬೇರೆ ದಾರಿ ಹಿಡಿದ್ರೆ ಉಳಿದವ್ರ ತಲೆ ಕೆಡ್ತದೆ" ಅಂದಳು. ಹುಡುಗಿ ಮತ್ತೆ ಆ ಮಾತು ಎತ್ತಲಿಲ್ಲ.

ಪದಗಳ ಮೇಲಿನ ಪ್ರೋಗ್ರಾಮುಗಳು ಸಿಲಬಸ್ಸಿನ ಕೊನೆಗಿದ್ದವು. ಅವಕ್ಕೆ ಬರುವ ಹೊತ್ತಿಗೆ ಕರೆಂಟು ಕೈಕೊಟ್ಟಿತು, ಯುಪಿಎಸ್ಸಿನ ಬ್ಯಾಟರಿಯೂ ಕಣ್ಣು ಮುಚ್ಚಿತು. ಹಾಗಾಗಿ ಅವೆಲ್ಲ ಬೋರ್ಡಿನ ಮೇಲೇ ಮುಗಿದವು. ಮೆಷಿನ್ನಿನಲ್ಲಿ ಹಾಕಿ ನೋಡಿದವರು ಯಾರೂ ಇಲ್ಲ, ಗಂಗಾಂಬಿಕೆಯೂ ಸೇರಿ.

ಬಾಗಿಲ ಹತ್ತಿರ ನಿಂತವಳಿಗೆ ಮೆಹ್ನಾಜಳ ನೀಲಿ ಪರದೆ ಚೆನ್ನಾಗಿಯೇ ಕಾಣುತ್ತಿತ್ತು. ಹುಡುಗಿ ಟೈಪ್ ಮಾಡಿ ಮುಗಿಸಿ ಓಡಿಸಿದಳು. MALAYALAM ಅಂತ ಕೊಟ್ಟಳು. ಪ್ಯಾಲಿಂಡ್ರೋಮ್ ಅಲ್ಲ ಅಂತ ಉತ್ತರ ಬಂತು. ಮತ್ತೊಂದು ಪದ ಕೊಟ್ಟಳು, ಅದೂ ಅಲ್ಲ. ಗಂಗಾಂಬಿಕೆ ಎಲ್ಲಿ ತಪ್ಪಿತು ಅಂತ ಮನಸ್ಸಿನಲ್ಲೇ ಸಾಲು ಸಾಲಾಗಿ ಓದಿಕೊಂಡಳು. ತಾನು ಬರೆಸಿದ್ದಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ.

ಮೆಹ್ನಾಜ್ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಒಂದು ಇದ್ದ ಕಡೆ ಸೊನ್ನೆ ಮಾಡಿ, ತಲೆ ಪರದೆಗೆ ಅಡ್ಡವಾಗುವಷ್ಟು ಬಗ್ಗಿ ಕೆಳಗಿನ ಸಾಲಿನಲ್ಲೂ ಏನೋ ತಿದ್ದಿ, ಮತ್ತೆ ಓಡಿಸಿದಳು. ಈ ಸಲ ಸರಿಯಾದ ಉತ್ತರ ಬಂತು. ಆಗ ಗಂಗಾಂಬಿಕೆಗೆ ಹೊಳೆಯಿತು. ಸಂಖ್ಯೆಗಳನ್ನಾದರೆ ಡಬ್ಬಕ್ಕೆ ತುಂಬುವವರು ನಾವು, ಎಲ್ಲಿಂದ ಬೇಕಾದರೂ ತುಂಬಬಹುದು. ಪದವನ್ನು ತುಂಬುವುದು ಯಂತ್ರ. ಅದು ಮೊದಲ ಅಕ್ಷರವನ್ನು ಸೊನ್ನೆಯ ಡಬ್ಬಕ್ಕೇ ಹಾಕುತ್ತದೆ, ಯಾವ ದೇವರಿಗೂ ಬಿಡುವುದಿಲ್ಲ. ಒಂದರಿಂದ ಓದಿದವರಿಗೆ ಸಿಗುವುದು ತಲೆ ಹಾರಿದ ಪದ.

ಅಷ್ಟರಲ್ಲಿ ಕೃಷ್ಣಪ್ಪನವರು ಮೆಹ್ನಾಜಳ ಹಿಂದೆ ಬಂದು ನಿಂತಿದ್ದರು. ಕೈಯಲ್ಲಿ ಅವಳ ಪೇಪರು.

"ಏನಮ್ಮಾ, ಪೇಪರಲ್ಲಿ ಒಂದು ಥರ, ಮೆಷಿನ್ನಲ್ಲಿ ಇನ್ನೊಂದು ಥರ?"

ಮೆಹ್ನಾಜ್ ಎದ್ದು ನಿಂತಳು.

"ಪೇಪರಲ್ಲಿ ಇರೋದು ತಪ್ಪು, ಇಲ್ಲಿರೋದು ಸರಿ. ಯಾರು ಹೇಳಿದ್ರು ನಿಂಗೆ?"

"ಯಾರೂ ಹೇಳ್ಲಿಲ್ಲ ಸರ್."

"ಹಂಗಾದ್ರೆ ಹೆಂಗೆ ಗೊತ್ತಾಯ್ತು ಹೇಳು. ಮೊದ್ಲು ಯಾಕೆ ಒಂದು ಬರ್ದೆ, ಆಮೇಲೆ ಯಾಕೆ ಸೊನ್ನೆ ಮಾಡ್ದೆ?"

ಹುಡುಗಿ ಒಂದೇ ಒಂದು ಸಲ ಬಾಗಿಲ ಕಡೆ ನೋಡಿ ತಲೆ ತಗ್ಗಿಸಿದಳು. ಅವಳಿಗೆ ಉತ್ತರ ಗೊತ್ತಿದೆ ಅಂತ ಗಂಗಾಂಬಿಕೆಗೆ ಗೊತ್ತು. ಆ ಉತ್ತರ ಮೇಡಂ ಹೇಳಿಕೊಟ್ಟದ್ದು ಅನ್ನುವಲ್ಲಿಂದಲೇ ಶುರುವಾಗಬೇಕು. ಅದನ್ನು ಮೇಡಂ ಎದುರಿಗೆ, ಹೊರಗಿನವರ ಮುಂದೆ ಹೇಳಲು ಅಸಾದುಲ್ಲಾನ ಮಗಳಿಗೆ ನಾಲಿಗೆ ಏಳಲಿಲ್ಲ.

"ಬಾಯಿಲ್ವಾ? ಕಾಪಿ ಅಂತ ಬರೀತೀನಿ ನೋಡು" ಅಂದರು ಕೃಷ್ಣಪ್ಪನವರು.

"ಒಳ್ಳೇ ಹುಡುಗಿ ಸರ್, ಕಾಪಿ ಹೊಡೆಯೋಳಲ್ಲ" ಅಂದಳು ಗಂಗಾಂಬಿಕೆ. ಅಷ್ಟೇ ಅಂದಳು. ಅಂದಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಒಳ್ಳೆಯವ್ರೇ ಮೇಡಂ ಇಂಥದ್ದಕ್ಕೆ ಕೈ ಹಾಕೋದು" ಅಂದು ಅವರು ಪೇಪರನ್ನು ಮಡಚಿ ಜೇಬಿಗಿಟ್ಟುಕೊಂಡರು. ಊಟಕ್ಕೆ ಏಳುವ ಹೊತ್ತಾಗಿತ್ತು.

ಸ್ಟಾಫ್‌ರೂಮಿನಲ್ಲಿ ಅಟೆಂಡರ್ ಹೊನ್ನಕ್ಕ ಊಟಕ್ಕೆ ಎಲೆ ಹಾಕಿದ್ದಳು. ಕೃಷ್ಣಪ್ಪನವರು ಕೂತು ಕೊಟ್ಟೆ ಕಡುಬಿಗೆ ಚಟ್ನಿ ಹಚ್ಚುತ್ತಿದ್ದಾಗ ಗಂಗಾಂಬಿಕೆ ಬಾಗಿಲು ಮುಂದೆ ಮಾಡಿ, ನಿಂತೇ ಎಲ್ಲ ಹೇಳಿದಳು. ಸೊನ್ನೆಯ ಡಬ್ಬ, ದೇವರ ಪಾಲು, ಕೆಂಪು ಗೀಟು, ಕರೆಂಟು. ಕೃಷ್ಣಪ್ಪನವರು ಕಡುಬನ್ನು ಎಲೆಯ ಮೇಲೇ ಬಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ದೇವರ ಪಾಲು! ಚೆನ್ನಾಗಿದೆ ಮೇಡಂ." ಜೇಬಿನಿಂದ ಪೇಪರು ತೆಗೆದು ಎಡಗೈಯಲ್ಲೇ ನೀವಿದರು. "ಹುಡುಗಿಗೆ ಪೂರ್ತಿ ಮಾರ್ಕ್ಸ್ ಹಾಕ್ತೀನಿ ಬಿಡಿ. ತಾನೇ ಕಂಡುಹಿಡಿದಿದಾಳೆ ಅಂದ್ಮೇಲೆ ಇನ್ನೇನು. ನೀವು ಕೂತ್ಕೊಳ್ಳಿ. ಈ ಮಾತು ಇಲ್ಲೇ ಇರ್ಲಿ."

ಹುಡುಗಿ ಉಳಿದಳು, ತಾನೂ ಉಳಿದೆ ಅಂದುಕೊಂಡು ಗಂಗಾಂಬಿಕೆ ಕೂತಳು.

"ಆದ್ರೆ ಮಧ್ಯಾಹ್ನದ ಬ್ಯಾಚಲ್ಲೂ ಇದೇ ಚೀಟಿ ಇದ್ಯಲ್ಲ ಸರ್" ಅಂದಳು.

"ಹೌದಲ್ಲ." ಅವರು ಕಡುಬು ಮುರಿಯುತ್ತಾ ಯೋಚಿಸಿದರು. "ಪದದ ಚೀಟಿಗಳ್ನೇ ತೆಗೆದಿಟ್ರಾಯ್ತು. ಸಂಖ್ಯೆದು ಮಾತ್ರ ಇಡ್ತೀನಿ. ನಿಮ್ಮ ಮಕ್ಕಳಿಗೂ ಸುಲಭ, ಯಾರಿಗೂ ಗೊತ್ತೂ ಆಗಲ್ಲ. ಏನಂತೀರಿ?"

ಹಾಗೇ ಮಾಡಿ ಸರ್ ಅನ್ನುವ ಮಾತು ಗಂಗಾಂಬಿಕೆಯ ತುಟಿಯ ತನಕ ಬಂದಿತ್ತು. ನೀರು ಕುಡಿದು ಬರುತ್ತೇನೆ ಅಂತ ಎದ್ದು ಹೊರಗೆ ಬಂದಳು.

ಮಧ್ಯಾಹ್ನದ ಬ್ಯಾಚಿನ ಮಕ್ಕಳು ಬಂದು ಜಗುಲಿಯ ಉದ್ದಕ್ಕೂ ಕೂತಿದ್ದರು. ಹರಿಹರಪುರದ ಬಸ್ಸಿನಲ್ಲಿ ಬಂದವರು, ನೆಮ್ಮಾರಿನಿಂದ ಬೆಳಗ್ಗೆಯೇ ಹೊರಟವರು. ಎಲ್ಲರ ಬಾಯಲ್ಲೂ ಬಾಯಿಪಾಠ ನಡೆದಿತ್ತು. "ಐ ಈಸ್ ಈಕ್ವಲ್ ಟು ಒನ್, ಐ ಈಸ್ ಈಕ್ವಲ್ ಟು ಒನ್" ಅಂತ ಒಂದರಿಂದ ಶುರುವಾಗುವ ಆ ಸಾಲನ್ನೇ ಕಣ್ಣು ಮುಚ್ಚಿ ಗುನುಗುತ್ತಿದ್ದರು. ತನ್ನ ಮಾತನ್ನು ಇಷ್ಟೊಂದು ಬಾಯಿಗಳು ಒಟ್ಟಿಗೆ ಹೇಳುವುದನ್ನು ಗಂಗಾಂಬಿಕೆ ಹಿಂದೆ ಎಂದೂ ಹೀಗೆ ನಿಂತು ಕೇಳಿರಲಿಲ್ಲ. ಕಂಬದ ಹಿಂದೆಯೇ ನಿಂತಳು.

ಕಂಬದ ಆಚೆ ಮೆಹ್ನಾಜ್ ಮನೆಗೆ ಹೋಗದೆ ಕೂತಿದ್ದಳು. ಪಕ್ಕದಲ್ಲಿ ಅವಳ ಗೆಳತಿ ಕಾವ್ಯ.

"ನಿಂಗೆ ಎಂತ ಬಂತೇ?"

"ಪ್ಯಾಲಿಂಡ್ರೋಮ್."

"ಪುಣ್ಯವಂತೆ! ನಂಗೂ ಅದೇ ಬರ್ಲಿ ಅಂತ ಹರಕೆ ಹೊತ್ತಿದ್ದೆ. ಮೇಡಂ ಹೇಳಿಕೊಟ್ಟ ಹಾಗೇ ಬರ್ದೆ ಅಲ್ವ?"

ಮೆಹ್ನಾಜ್ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹೇಳೇ. ಹಾಗೇ ಬರೆದ್ರೆ ಸಾಕಲ್ವ?"

"ಕಾವ್ಯಾ..." ಅಂದಳು ಮೆಹ್ನಾಜ್. ಅಷ್ಟರಲ್ಲಿ ಕಂಬದ ಪಕ್ಕದ ಸೀರೆಯ ಅಂಚು ಕಣ್ಣಿಗೆ ಬಿತ್ತು. ಬಾಯಿ ಮುಚ್ಚಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಹೂಂ, ಸಾಕು" ಅಂದಳು.

ಆ ಹುಡುಗಿ ಮೇಡಂಗಾಗಿ ಒಂದು ಸಲ ಕಾಪಿಯ ಮಾತು ಕೇಳಿಸಿಕೊಂಡಿದ್ದಳು. ಈಗ ಗೆಳತಿಗೂ ಸುಳ್ಳು ಹೇಳಿದಳು. ಗಂಗಾಂಬಿಕೆಗೆ ನಾಚಿಕೆಯಾಯಿತು, ಕಿವಿಯ ತುದಿ ಬಿಸಿಯಾಗುವಷ್ಟು. ಚೀಟಿ ತೆಗೆದಿಟ್ಟರೆ ಕಾವ್ಯ ಇವತ್ತು ಪಾರಾಗಬಹುದು. ಮೆಹ್ನಾಜ್ ಮಾತ್ರ ನಾಳೆಯೂ ಬಾಯಿ ಮುಚ್ಚಿಕೊಂಡೇ ಇರಬೇಕು.

ಗಂಗಾಂಬಿಕೆ ಸ್ಟಾಫ್‌ರೂಮಿನ ಬಾಗಿಲಲ್ಲಿ ತಲೆ ಹಾಕಿ, "ಚೀಟಿ ಇದ್ದ ಹಾಗೇ ಇರ್ಲಿ ಸರ್. ನಿಮ್ಮ ಊಟ ಮುಗಿಯೋ ತನಕ ನಂಗೆ ಟೈಮ್ ಇದ್ಯಲ್ಲ?" ಅಂದಳು.

ಕೃಷ್ಣಪ್ಪನವರು ಅವಳ ಮುಖ ನೋಡಿದರು. "ಹೊನ್ನಕ್ಕ, ಇನ್ನೊಂದು ಕಡುಬು ಹಾಕು" ಅಂದರು.

ಗಂಗಾಂಬಿಕೆ ಜಗುಲಿಗೆ ಬಂದು ನಿಂತಾಗ ಗುನುಗುನು ನಿಂತಿತು. ಮಕ್ಕಳು ಏಳಲು ಹೋದರು.

"ಕೂತ್ಕೊಳ್ಳಿ. ಒಂದು ವಿಷಯ. ಪದಗಳ ಪ್ರೋಗ್ರಾಮು ಇದೆಯಲ್ಲ, ಪ್ಯಾಲಿಂಡ್ರೋಮ್, ಉಲ್ಟಾ ಬರೆಯೋದು, ಅಕ್ಷರ ಎಣಿಸೋದು, ಅವಿಷ್ಟೂ ನಾನು ತಪ್ಪು ಹೇಳಿಕೊಟ್ಟಿದೀನಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು ಅನ್ನಿಸಿತು ಅವಳಿಗೆ. ಹಿಂದಿನ ಸಾಲಿನ ಹುಡುಗನೊಬ್ಬ ತಮಾಷೆಯೋ ಏನೋ ಅಂತ ಪಕ್ಕದವನ ಮುಖ ನೋಡಿದ.

"ಮೇಡಂ, ತಪ್ಪು ಅಂದ್ರೆ... ನೀವಾ?" ಅಂದಳು ಕಾವ್ಯ.

"ನಾನೇ. ಮೆಹ್ನಾಜ್ ಬೆಳಗ್ಗೆ ಅದನ್ನ ಮೆಷಿನ್ನಲ್ಲಿ ಸರಿ ಮಾಡಿದ್ಲು. ನಾನು ದೂರದಿಂದ ನೋಡಿದ್ದು, ಕೆಳಗಿನ ಸಾಲಲ್ಲಿ ಎಂತ ತಿದ್ದಿದ್ಲು ಅಂತ ನಂಗೂ ಸರಿಯಾಗಿ ಕಾಣ್ಲಿಲ್ಲ." ಗಂಗಾಂಬಿಕೆ ಹುಡುಗಿಯ ಕಡೆ ತಿರುಗಿದಳು. "ಎದ್ದು ಬಾ, ಇಲ್ಲಿ ನಿಂತು ಹೇಳು ಇವ್ರಿಗೆ. ನಿಧಾನಕ್ಕೆ, ಎಲ್ರಿಗೂ ಕೇಳೋ ಹಾಗೆ."

ಮೆಹ್ನಾಜ್ ಎದ್ದಳು. ಅವಳು ಎದ್ದ ಜಾಗದಲ್ಲಿ, ಕಾವ್ಯಳ ಪಕ್ಕ, ಗಂಗಾಂಬಿಕೆ ಸೀರೆ ಒತ್ತಿಕೊಂಡು ನೆಲಕ್ಕೇ ಕೂತಳು. ಕಾವ್ಯ ಗಾಬರಿಯಾಗಿ ಸರಿದು ಜಾಗ ಮಾಡಿಕೊಟ್ಟಳು.

"ಒಂದು ಹಾಳೆ ಕೊಡೆ" ಅಂದಳು ಗಂಗಾಂಬಿಕೆ. "ಪೆನ್ನೂ ಇದ್ರೆ ಕೊಡು."

ಮುಂದೆ ನಿಂತ ಹುಡುಗಿಗೆ ಕೈ ಎಲ್ಲಿಡಬೇಕು ಅಂತ ತಿಳಿಯಲಿಲ್ಲ. ದುಪಟ್ಟಾ ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಜಗುಲಿಯ ತುಂಬ ತಲೆಗಳು ಹಾಳೆಯ ಮೇಲೆ ಬಗ್ಗಿದ್ದವು. ಅವುಗಳ ನಡುವೆ ಅರ್ಧ ನರೆತ ಒಂದು ತಲೆಯೂ ಬಗ್ಗಿತ್ತು.

"ಬರ್ಕೊಳ್ಳಿ" ಅಂದಳು ಮೆಹ್ನಾಜ್.