ನೀರಾನೆಯ ಹೊಟ್ಟೆಯಲ್ಲೊಂದು ತೂತು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಆನೆ ಸಿಡಿದ ಸದ್ದಿನಿಂದ ಶುರು ಮಾಡಿದರೆ ನೀವು ಬೆಚ್ಚಿಬೀಳುತ್ತೀರಿ. ಅದು ಮಣ್ಣಿನ ಆನೆ ಎಂದು ಗೊತ್ತಾದ ಕೂಡಲೇ ಇಷ್ಟೇನಾ ಎಂದು ಪುಟ ಮಗುಚುತ್ತೀರಿ. ಮಣ್ಣಿನಿಂದಲೇ ಶುರು ಮಾಡೋಣವೆಂದರೆ ಮೂರನೇ ಸಾಲಿಗೇ ವೇದಾಂತ ಒಕ್ಕರಿಸುತ್ತದೆ. (ಹಾಗೆ ಬರೆದ ಒಂದೂವರೆ ಪುಟ ಇತ್ತು. ಹರಿದು ಹಾಕಿದ್ದೇನೆ. ನನಗೊಂದು ಥ್ಯಾಂಕ್ಸ್ ಹೇಳಿ.)

ಹಾಗಾಗಿ ನಿಜವಾಗಿ ಎಲ್ಲಿ ಶುರುವಾಯಿತೋ ಅಲ್ಲಿಂದಲೇ ಹೇಳುತ್ತೇನೆ.

"ಬಾಯಿ ತೆಗೀರಿ."

ಹೇಳಿದವರು ಹಲ್ಲಿನ ಡಾಕ್ಟರು. ತೆಗೆದವನು ನಾನು, ಈ ಕಥೆಯ ಲೇಖಕ. ಬಲಗಡೆಯ ದವಡೆ ಹಲ್ಲು ಹುಳುಕಾಗಿತ್ತು. ಬೇರೆ ಕಥೆಗಳಲ್ಲಿ ಲೇಖಕ ಮಾತಾಡುತ್ತಾನೆ, ಪಾತ್ರ ಹೇಳಿದಂತೆ ಕೇಳುತ್ತದೆ. ಇಲ್ಲಿ ನನ್ನ ಬಾಯಲ್ಲಿ ಹತ್ತಿ, ಪುಟ್ಟ ಕನ್ನಡಿ ಮತ್ತು ಎಂಜಲು ಹೀರುವ ಕೊಳವೆ ಇದ್ದವು. ಪಾತ್ರವೇ ಮಾತಾಡಿತು.

೨

"ಇಪ್ಪತ್ತಾರು ವರ್ಷ ಆಯ್ತು ಈ ಕೆಲಸ ಹಿಡಿದು," ಎಂದರು ಡಾಕ್ಟರು. "ನಾನು ಮಾಡಿದ್ದನ್ನೆಲ್ಲ ಜನ ಬಾಯಿ ಮುಚ್ಕೊಂಡು ಮನೆಗೆ ತಗೊಂಡು ಹೋಗ್ತಾರೆ. ಯಾರ ಕಣ್ಣಿಗೂ ಬೀಳಲ್ಲ. ಬಿದ್ರೆ ಕೆಲಸ ಕೆಟ್ಟಿದೆ ಅಂತ ಅರ್ಥ. ಒಂದೇ ಒಂದು ಸಾಮಾನು ಮೇಜಿನ ಮೇಲಿಟ್ಟು, ಇದು ನಾನು ಮಾಡಿದ್ದು ಅಂತ ನೋಡ್ಬೇಕು ಕಣ್ರೀ. ನೋವಾಗ್ತಿದ್ಯಾ?"

"ಆಂ," ಎಂದೆ. ಹೌದು ಎಂದೂ ಇಲ್ಲ ಎಂದೂ ಅರ್ಥ ಬರುವ, ವಿಮರ್ಶಕರು ಮೆಚ್ಚುವಂಥ ಉತ್ತರ.

ಆ ಒಂದು ಸಾಮಾನಿಗಾಗಿ ಅವರು ವರ್ಷದಿಂದ ಪ್ರತಿ ಭಾನುವಾರ ಗೂಡಮ್ಮನ ಶೆಡ್ಡಿಗೆ ಹೋಗುತ್ತಿದ್ದಾರೆ. ಗೂಡಮ್ಮ ಹವ್ಯಾಸದವರಿಗೆ ಮಣ್ಣಿನ ಶಿಲ್ಪ ಮಾಡಲು ಕಲಿಸುವ ಹೆಂಗಸು. ಮಾಡಿದ್ದನ್ನು ಸುಡುವ ಕರೆಂಟಿನ ಗೂಡು ಅವರದ್ದು, ಹೆಸರು ಹಾಗೆ ಬಂತು. ಅವರ ಪಾಠ ಸರಳ. ಬೊಂಬೆ ದಪ್ಪವಿದ್ದರೆ ಒಳಗೆ ಟೊಳ್ಳು ಮಾಡಿ. ಟೊಳ್ಳು ಮಾಡಿದರೆ ಹೊಟ್ಟೆಗೊಂದು ತೂತು ಬಿಡಿ, ಒಳಗಿನ ತೇವ ಆವಿಯಾಗಿ ಹೊರಗೆ ಹೋಗಲಿ. ಇಲ್ಲದಿದ್ದರೆ ಗೂಡಿನಲ್ಲಿ ಢಂ. ಈ ತೂತನ್ನು ಅವರು ಯಾರನ್ನೂ ನಂಬದೆ ಎಲ್ಲರ ಬೊಂಬೆಗೂ ತಾವೇ ಚುಚ್ಚುತ್ತಾರೆ.

ಆದರೂ ಡಾಕ್ಟರ ಆನೆ ಸಿಡಿಯಿತು. ಎರಡು ತಿಂಗಳಾದ ಮೇಲೆ ಆಮೆ ಸಿಡಿಯಿತು. ಅವರದ್ದೊಂದೇ ಹಾಳಾಗಿದ್ದರೆ ಪರವಾಗಿರಲಿಲ್ಲ. ಗೂಡಿನಲ್ಲಿ ಪಕ್ಕದಲ್ಲಿದ್ದ, ಜೊತೆಗೇ ಕಲಿಯುವ ಬಸ್ ಡ್ರೈವರಣ್ಣನ ಗೂಬೆಗೆ ಮೊದಲ ಸಲ ಎಡಗಿವಿ ಹೋಯಿತು. ಎರಡನೇ ಸಲ, ಹೊಸ ಗೂಬೆಗೆ, ಎರಡೂ ಹೋದವು.

"ಡಾಕ್ಟ್ರಮ್ಮಾ, ನಿಮ್ಮ ಮೇಲೆ ಸಿಟ್ಟಿಲ್ಲ," ಎಂದಿದ್ದರಂತೆ ಡ್ರೈವರಣ್ಣ, ಮುಖ ಊದಿಸಿಕೊಂಡು. "ಆದ್ರೆ ಇನ್ಮೇಲೆ ನನ್ನ ಗೂಬೆ ನಿಮ್ಮ ಪಕ್ಕ ಕೂರಲ್ಲ."

ಗೂಡಮ್ಮ ಮಾತ್ರ ಸಿಟ್ಟನ್ನು ಮುಚ್ಚಿಡಲಿಲ್ಲ. "ಇನ್ನೊಂದೇ ಸಲ. ಮತ್ತೆ ಸಿಡಿದ್ರೆ ನಿಮ್ಮ ಸಾಮಾನು ನನ್ನ ಗೂಡಿಗೆ ಬೇಡ."

ಆ ಊರಿಗೆಲ್ಲ ಇದ್ದದ್ದು ಅದೊಂದೇ ಗೂಡು. ಡಾಕ್ಟರು ಈಗ ಕೊನೆಯ ಅವಕಾಶಕ್ಕೆ ಒಂದು ನೀರಾನೆ ಮಾಡುತ್ತಿದ್ದರು, ಬಾಯಿ ಅಗಲಿಸಿ ನಿಂತ ನೀರಾನೆ. (ಬೇರೇನು ಮಾಡುತ್ತಾರೆ?)

೩ (ರದ್ದು)

ನೀರಾನೆ ಸಿಡಿಯಿತು. ಹಲ್ಲಿನ ಚೂರುಗಳನ್ನು ಬೊಗಸೆಯಲ್ಲಿ ಹಿಡಿದು ಅವರು ಗೋಡೆಗೊರಗಿ ಕುಳಿತರು. ಕಿಟಕಿಯಾಚೆ ಯಾವುದೋ ಹಕ್ಕಿ.

೩ (ಮತ್ತೆ)

ಮೇಲಿನದ್ದನ್ನು ಬರೆದು, ಯಾವ ಹಕ್ಕಿ ಎಂದು ಯೋಚಿಸುತ್ತ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದೆ. ಹಾಳೆಗಳು ಕೈಯಲ್ಲೇ ಇದ್ದವು. ಡಾಕ್ಟರು ಕಸಿದುಕೊಂಡು ಓದಿದರು.

"ಯಾರನ್ನ ಕೇಳಿ ಒಡೆದ್ರಿ?"

"ಅಲ್ಲ ಡಾಕ್ಟ್ರೇ, ಕಥೆ ಅಂದ್ಮೇಲೆ ಸ್ವಲ್ಪ ವಿಷಾದ ಇದ್ರೆ..."

"ನಾಲ್ಕು ವಾರ ಹಿಡೀತು ಅದಕ್ಕೆ ದವಡೆ ಕೂರಿಸೋಕೆ. ನೀವು ಮೂರು ಸಾಲಲ್ಲಿ ಪುಡಿ ಮಾಡ್ತೀರಾ? ವಿಷಾದ ಬೇಕಿದ್ರೆ ನಿಮ್ಮ ಹಲ್ಲಿನ ಎಕ್ಸ್‌ರೇ ನೋಡ್ಕೊಳ್ಳಿ. ಬಾಯಿ ತೆಗೀರಿ."

ಪಾತ್ರಗಳಿಗೆ ಸಲಿಗೆ ಕೊಡಬಾರದು. ಅದರಲ್ಲೂ ಡ್ರಿಲ್ ಹಿಡಿದ ಪಾತ್ರಗಳಿಗೆ ಕೊಡಲೇಬಾರದು.

೪

ಬಾಯಿ ತೆರೆದು ಮಲಗಿದವನಿಗೆ ನೋಡಲು ಇರುವುದು ಗೋಡೆ ಮಾತ್ರ. ಅವತ್ತು ನೋಡಿದೆ. ಹಿಂದೆ ಅಲ್ಲಿ ಚಿತ್ರಗಳನ್ನು ತೂಗುಹಾಕಿದ್ದಿರಬೇಕು. ಮೊಳೆ ಕಿತ್ತ ಜಾಗಗಳೆಲ್ಲ ಮುಚ್ಚಿದ್ದವು, ಅದೂ ಸಿಮೆಂಟಿನಿಂದಲ್ಲ. ಹಲ್ಲಿಗೆ ತುಂಬುವ ಅದೇ ದಂತದ ಬಣ್ಣದ ವಸ್ತು, ತುಂಬಿ, ಉಜ್ಜಿ, ಪಾಲಿಶ್ ಮಾಡಿದ್ದು. ಮೇಜಿನ ಅಂಚಿನಲ್ಲಿ ವೈರು ತೂರಿಸುವ ತೂತು, ಅದೂ ಮುಚ್ಚಿತ್ತು. ನಾನು ಒರಗಿದ್ದ ಕುರ್ಚಿಯ ತೋಳಿನಲ್ಲಿ ರೆಕ್ಸಿನ್ ಹರಿದ ಕಡೆಯೂ ಒಂದು ಚೊಕ್ಕವಾದ ಫಿಲ್ಲಿಂಗು.

ಈ ಹೆಂಗಸು ತೂತು ಕಂಡರೆ ಬಿಡುವವರಲ್ಲ.

ಗೂಡಮ್ಮ ಚುಚ್ಚಿ ಆಚೆ ಹೋಗುತ್ತಾರೆ. ಇವರು ಬೊಂಬೆಯನ್ನು ನುಣ್ಣಗೆ ಮಾಡಲು ಕೂರುತ್ತಾರೆ. ಹೆಬ್ಬೆರಳು ಹೊಟ್ಟೆಯ ಕೆಳಗೆ ಹೋಗುತ್ತದೆ, ತೂತು ಸಿಗುತ್ತದೆ, ಇಪ್ಪತ್ತಾರು ವರ್ಷದ ಅಭ್ಯಾಸ ಒಂದು ಚಿಟಿಕೆ ಹಸಿಮಣ್ಣು ಒತ್ತಿಬಿಡುತ್ತದೆ. ಅವರಿಗೇ ಗೊತ್ತಾಗದ ಹಾಗೆ.

ಇಲ್ಲಿ ಒಂದು ತಪ್ಪೊಪ್ಪಿಗೆ. ಒಂದು ನಿಮಿಷ ನಾನು ಸುಮ್ಮನಿದ್ದೆ. ಸುಮ್ಮನಿದ್ದರೆ ನೀರಾನೆ ಸಿಡಿಯುತ್ತದೆ, ನನ್ನ ರದ್ದಾದ ಮೂರನೇ ಭಾಗ ಬದುಕುತ್ತದೆ, ಹಕ್ಕಿಯೂ ಉಳಿಯುತ್ತದೆ. ಓದುಗರೇ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನೀವು ಒಳ್ಳೆಯವರು, ಬಿಡಿ. ನಾನು ನಾಚಿ, ಈಗಲೇ ಹೇಳಿಬಿಡಬೇಕೆಂದು ಕೈಕಾಲು ಬಡಿದೆ. ನೋವೆಂದು ತಿಳಿದು ಡಾಕ್ಟರು ಇನ್ನೊಂದು ಇಂಜೆಕ್ಷನ್ ಚುಚ್ಚಿದರು.

ಕೊಳವೆ ತೆಗೆದ ಮೇಲೆ, ಅರ್ಧ ತುಟಿ ಸತ್ತಿದ್ದರೂ ಕೇಳಿದೆ. "ಡಾಕ್ಟ್ರೇ, ಆನೆ ಹೊಟ್ಟೆ ತೂತು ಮುಚ್ಚಿದ್ದು ನೀವೇನಾ?"

"ಯಾವ ತೂತು? ಅಲ್ಲಿ ತೂತು ಇರಲಿಲ್ವಲ್ಲ."

ನಾನು ಗೋಡೆ ತೋರಿಸಿದೆ. ಅವರು ಗೋಡೆ ನೋಡಿದರು, ಮೇಜು ನೋಡಿದರು, ಕೊನೆಗೆ ಗ್ಲೌಸು ಕಿತ್ತು ತಮ್ಮ ಹೆಬ್ಬೆರಳನ್ನೇ ನೋಡಿದರು. ಮೆಲ್ಲಗೆ ಹೇಳಿದರು: "ಪಾಪ, ಆ ಗೂಬೆ."

೫

ಭಾನುವಾರ ನನ್ನನ್ನೂ ಕರೆದರು. (ಲೇಖಕ ಕಥೆಯೊಳಗೆ ಹೋಗಬಾರದು ಎನ್ನುವವರಿಗೆ ನನ್ನ ಉತ್ತರ: ಊಟ ಹಾಕುತ್ತೇನೆ ಎಂದಿದ್ದರು.)

ನೀರಾನೆ ಹಲಗೆಯ ಮೇಲೆ ಮುಕ್ಕಾಲು ಒಣಗಿ ನಿಂತಿತ್ತು. ಗಾತ್ರ ನಮ್ಮ ಮನೆಯ ಕುಕ್ಕರಿನಷ್ಟು. ಒಂದೊಂದು ಹಲ್ಲೂ ಅಚ್ಚುಕಟ್ಟು. ಡಾಕ್ಟರು ಅದನ್ನು ಮಗುಚಿ ಗೂಡಮ್ಮನ ಮುಂದೆ ತಮ್ಮ ತಪ್ಪು ಒಪ್ಪಿಕೊಂಡರು. ಹೊಟ್ಟೆ ನುಣ್ಣಗಿತ್ತು. ಅಂದರೆ ಈ ಸಲವೂ ಮುಚ್ಚಿಯಾಗಿತ್ತು!

ಗೂಡಮ್ಮ ಹಣೆ ಚಚ್ಚಿಕೊಂಡು ಮತ್ತೆ ಕೊರೆದರು. ಡಾಕ್ಟರು ಪರ್ಸಿನಿಂದ ಒಂದು ಹಲ್ಲುಕಡ್ಡಿ ತೆಗೆದು ತೂತಿನಲ್ಲಿ ಸಡಿಲವಾಗಿ ಸಿಕ್ಕಿಸಿದರು.

"ಬೆರಳು ಹೋದ್ರೆ ಚುಚ್ಚಲಿ," ಎಂದರು. "ಗೂಡಲ್ಲಿ ಕಡ್ಡಿ ಸುಟ್ಟುಹೋಗುತ್ತೆ, ತೂತು ಉಳಿಯುತ್ತೆ."

ಇನ್ನೊಂದು ವಾರ ಒಣಗಿತು. ಆ ವಾರ ದಿನಾ ಸಂಜೆ ಬಂದು ಅದನ್ನು ಸವರುತ್ತಿದ್ದ ಡಾಕ್ಟರ ಹೆಬ್ಬೆರಳಿಗೆ ಒಂಬತ್ತು ಸಲ ಚುಚ್ಚಿತು. ಗೂಡು ತುಂಬುವ ದಿನ ಡಾಕ್ಟರು ತಮ್ಮದನ್ನು ಮೂಲೆಯಲ್ಲಿ ಒಂಟಿಯಾಗಿಡಲು ಹೊರಟರು. ಡ್ರೈವರಣ್ಣ ಮೂರನೇ ಗೂಬೆಯನ್ನು ತಂದು ಅದರ ಪಕ್ಕಕ್ಕೇ ಇಟ್ಟರು.

"ಬೇಡ ಅಣ್ಣಾ, ಕೈ ಮುಗೀತೀನಿ."

"ಇರ್ಲಿ ಬಿಡಿ ಡಾಕ್ಟ್ರಮ್ಮಾ. ಅದಕ್ಕೂ ಜೊತೆ ಬೇಕಲ್ಲ."

ಬಾಗಿಲು ಮುಚ್ಚುವ ಮೊದಲು ಡಾಕ್ಟರು ನೀರಾನೆಯನ್ನು ಸ್ವಲ್ಪ ಓರೆ ಮಾಡಿ, ತುಟಿಯನ್ನು ತೂತಿನ ಹತ್ತಿರ ತಂದು ಏನೋ ಹೇಳಿದರು. ನನಗೆ ಕೇಳಿಸಲಿಲ್ಲ.

೬. ಆಯ್ಕೆಗಳು

ಅ. ಸಿಡಿಯಿತು. (ಬೇಡ. ನನಗೆ ಇನ್ನೂ ಎರಡು ಹಲ್ಲಿನ ಕೆಲಸ ಬಾಕಿ ಇದೆ.)

ಆ. ಕರೆಂಟು ಹೋಯಿತು. (ಹೇಡಿ ಲೇಖಕರ ಉಪಾಯ.)

ಇ. ಮಾರನೆಯ ಸಂಜೆ, ಗೂಡು ಆರಿದ ಮೇಲೆ, ಗೂಡಮ್ಮ ಬಾಗಿಲು ತೆಗೆದರು. ಮೊದಲು ಕಂಡದ್ದು ಎರಡು ಕಿವಿ, ಗೂಬೆಯವು. ಆಮೇಲೆ ಹಲ್ಲು. ಮೂವತ್ತೆರಡು ಹಲ್ಲು, ಒಂದೂ ಮುಕ್ಕಾಗದೆ. ಡಾಕ್ಟರು ನೀರಾನೆಯನ್ನು ಎತ್ತಿ ಮಗುಚಿದರು. ಕಡ್ಡಿ ಬೂದಿಯಾಗಿತ್ತು, ತೂತು ಕಣ್ಣು ಬಿಟ್ಟುಕೊಂಡು ನೋಡುತ್ತಿತ್ತು.

"ನಾನು ಮಾಡಿದ್ದು!" ಎಂದು ಕೂಗಿದರು. ವರ್ಷಗಟ್ಟಲೆ ಮಾಸ್ಕಿನ ಹಿಂದೆ ಮೆತ್ತಗೆ ಮಾತಾಡಿದ ದನಿ ಶೆಡ್ಡಿನ ತಗಡು ನಡುಗುವಂತೆ ಬಂತು. "ನಾನು ಮಾಡಿದ್ದು ಕಣ್ರೀ, ನಾನು!" ಡ್ರೈವರಣ್ಣ ಬಾಯಲ್ಲೇ ಬಸ್ಸಿನ ಹಾರನ್ ಬಾರಿಸಿದರು. ನನಗೂ ಕಣ್ಣು ತುಂಬಿತು. ಬರೆಯುವಾಗಲೂ ತುಂಬಿದೆ, ಅಡಗಿಸುವುದೇಕೆ?

"ನೀರಾನೆಗೆ ಮೂವತ್ತೆರಡು ಹಲ್ಲು ಇರಲ್ಲ," ಎಂದರು ಗೂಡಮ್ಮ.

"ನನ್ನದಕ್ಕಿದೆ," ಎಂದರು ಡಾಕ್ಟರು.

೭

ಗ್ಲೇಜ್ ಹಚ್ಚುವುದು ಉಳಿದಿತ್ತು. ಗ್ಲೇಜ್ ಎಂದರೆ ಬೆಂಕಿಯಲ್ಲಿ ಗಾಜಾಗುವ ಲೇಪ. ಹಚ್ಚುವಾಗ ಮಾಸಲು ಗುಲಾಬಿ ಸುಣ್ಣದಂತಿದ್ದದ್ದು ಸುಟ್ಟ ಮೇಲೆ ನೀಲಿಯಾಗುತ್ತದೆ ಎಂದರೆ ನಾನು ನಂಬಲಿಲ್ಲ. ಡಾಕ್ಟರು ಮೂರು ಸಲ ಬಳಿದರು, ಗೂಡಿಗೆ ಅಂಟದಂತೆ ಪಾದಗಳನ್ನು ಸ್ಪಂಜಿನಿಂದ ಒರೆಸಿದರು, ತೂತಿಗೆ ಹೊಸ ಕಡ್ಡಿ ಕೊಟ್ಟರು. ನೀಲಿಯೇ ಬಂತು, ಹೊಸ ಶಾಯಿಯ ನೀಲಿ. ಎಡಗಲ್ಲದಲ್ಲಿ ಮಾತ್ರ ಲೇಪ ಇಳಿದು ಒಂದು ಹನಿ ಗಟ್ಟಿಯಾಗಿ ನಿಂತಿದೆ. ಡ್ರಿಲ್ಲಿನಿಂದ ಅರ್ಧ ನಿಮಿಷದಲ್ಲಿ ತೆಗೆಯಬಹುದಿತ್ತು. ಅವರು ತೆಗೆಯಲಿಲ್ಲ.

ಈಗ ಅದು ಕ್ಲಿನಿಕ್ಕಿನ ಮುಂಗೋಣೆಯ ಮೇಜಿನ ಮೇಲಿದೆ. ಹಲ್ಲುನೋವಿನವರೆಲ್ಲ ಅದನ್ನು ಮಗುಚಿ ನೋಡುತ್ತಾರೆ.

೮

ಮುಗಿಯಿತೇ? ಹಾಗೆಂದುಕೊಂಡು ಹಾಳೆಗಳನ್ನು ಡಾಕ್ಟರಿಗೆ ಕೊಟ್ಟೆ. ಕುರ್ಚಿಯಲ್ಲಿ ಈ ಸಲ ಅವರು ಕೂತರು, ನಾನು ನಿಂತೆ. ಒಂದೆರಡು ಕಡೆ ನಕ್ಕರು. ಐದನೇ ಭಾಗದ ಕೊನೆಗೆ ಬಂದು ಓದು ನಿಲ್ಲಿಸಿದರು.

"ಇಲ್ಲಿ ಖಾಲಿ ಬಿಟ್ಟಿದ್ದೀರಿ. ನಾನು ಅದಕ್ಕೆ ಏನು ಹೇಳಿದೆ ಅಂತ ಬರೆದಿಲ್ಲ."

"ಕೇಳಿಸಲಿಲ್ಲ."

"ಈಗ ಹೇಳ್ತೀನಿ, ಬರ್ಕೊಳ್ಳಿ."

"ಬೇಡ."

"ಓದೋರು ಕೇಳಲ್ವೇನ್ರೀ?"

ಕೇಳುತ್ತೀರಿ, ಗೊತ್ತು. ಅವರು ಆಗಲೇ ನನ್ನ ಜೇಬಿನಿಂದ ಪೆನ್ನು ಎಳೆದುಕೊಂಡಿದ್ದರು. ಹೆಬ್ಬೆರಳು ಸರಿಯಾಗಿ ಆ ಖಾಲಿ ಜಾಗದ ಮೇಲೆ ಬಂದು ಕೂತಿತ್ತು.

"ಡಾಕ್ಟ್ರೇ," ಎಂದೆ, "ಕೈ ತೆಗೀರಿ."